ಎಡಗೈಯ ಗಂಟು

ಮೇವು ಹಾಕುತ್ತಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಕಾರಿಗೂ ಎತ್ತಿಗೂ ಭೇದವಿರಲಿಲ್ಲ. ಹಿರೇಹಡಗಲಿಯ ಆ ಮಣ್ಣಿನ ಮಾಳಿಗೆಯ ಮನೆಯೊಳಗೆ ಕಾಲಿಟ್ಟರೆ ಎಡಕ್ಕೆ ದನ ಕಟ್ಟುವ ಅಂಕಣ, ಬಲಕ್ಕೆ ಜೋಳದ ಚೀಲ ಪೇರಿಸಿದ ಪಡಸಾಲೆ, ನಡುವಿನ ದಾರಿಯ ಕೊನೆಗೆ ಸದಾ ಹೊಗೆಯಾಡುವ ಅಡುಗೆಮನೆ. ಶೇಂಗಾ ವ್ಯಾಪಾರ ಕೈಹಿಡಿದ ಕಾಲದಲ್ಲಿ ಅಪ್ಪ, ಹೊಸಪೇಟೆಯ ಕಡೆ ಅಣೆಕಟ್ಟಿನ ಕೆಲಸ ಮುಗಿಸಿ ಊರು ಬಿಡುತ್ತಿದ್ದ ಒಬ್ಬ ಇಂಜಿನಿಯರರಿಂದ ಕರಿಯ ವಿಲಾಯತಿ ಕಾರೊಂದನ್ನು ಕೊಂಡು ತಂದಾಗ ಅದನ್ನು ನಿಲ್ಲಿಸಲು ಬೇರೆ ತಾವಿರಲಿಲ್ಲ. ಓಣಿಯ ಕಡೆಯ ಗೋಡೆ ಒಡೆದು, ಎರಡು ಪಾಲಿನ ಬಾಗಿಲು ಕೂಡಿಸಿ, ಎತ್ತುಗಳ ಮಗ್ಗುಲಲ್ಲೇ ಅದಕ್ಕೆ ಜಾಗ ಮಾಡಿದರು. ಅಪ್ಪನ ತಾಯಿ, ನಮ್ಮ ಅಜ್ಜಿ, ಮೊದಲ ದಿನವೇ ಅದರ ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ ಎಳೆದು ಅದನ್ನು ಬಸವನೆಂದು ಕರೆದಳು. ಅಂದಿನಿಂದ ಅದಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಾಗಿತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ಕಟ್ಟಳೆ ಕಾರಿಗೂ ಅನ್ವಯಿಸಿತು. ಸೋಮವಾರ ತಾಲೂಕಿನ ಊರಾದ ಹಡಗಲಿಯಲ್ಲಿ ಎಷ್ಟೇ ಅವಸರದ ಕೆಲಸವಿದ್ದರೂ ಕಾರಿನ ಮಾಲೀಕನಾದ ಅಪ್ಪ ಧೂಳು ಕುಡಿಯುತ್ತ ಬಸ್ಸಿಗೆ ಹೋಗುತ್ತಿದ್ದ.

ಬಸವನನ್ನು ಓಡಿಸುತ್ತಿದ್ದವನು ಇಮಾಮಸಾಬ. ಅವನು ಅವ್ವನ ತವರೂರಾದ ಮಾಗಳದವನು. ತವರೂರಿನ ಗಂಡಸು ಯಾವ ಮನೆಯವನೇ ಆಗಲಿ, ಕೊಟ್ಟ ಹೆಣ್ಣಿಗೆ ಅಣ್ಣನೋ ತಮ್ಮನೋ ಆಗುತ್ತಾನೆ. ಪಂಚಮಿಯ ದಿನ ಅವನು ಅವ್ವನಿಗೆ ಒಂದು ಕುಪ್ಪಸದ ಖಣ ತಂದು ಕೊಡುತ್ತಿದ್ದ. ಅವ್ವ ಅವನ ಮಕ್ಕಳಿಗೆ ಪುಟ್ಟಿ ತುಂಬ ಉಂಡಿ ಕಳಿಸುತ್ತಿದ್ದಳು. ಅಪ್ಪನ ಮಾತಿಗೆ ಅವನು ಒಮ್ಮೊಮ್ಮೆ ಎದುರು ಮಾತಾಡಿದ್ದುಂಟು. ಅವ್ವನ ಮಾತನ್ನು ತೆಗೆದುಹಾಕಿದ್ದನ್ನು ನಾನು ಕಂಡಿಲ್ಲ.

ನಾನು ಮೂರನೆಯ ಮಗಳು. ತಮ್ಮ ಚೆನ್ನಬಸವ ಆಗಿನ್ನೂ ಹುಟ್ಟಿರಲಿಲ್ಲ. ಹರಪನಹಳ್ಳಿಯಲ್ಲಿದ್ದ ದೊಡ್ಡಪ್ಪ–ದೊಡ್ಡವ್ವರಿಗೆ ಮಕ್ಕಳಿರಲಿಲ್ಲ. ಒಂದು ಕೂಸು ಅಂಗಳದಲ್ಲಿ ಆಡಿದರೆ ಅದರ ಹಿಂದೆ ಇನ್ನೊಂದು ಬರುತ್ತದೆಂಬ ನಂಬಿಕೆಯ ಮೇಲೆ, ನನ್ನನ್ನು ಅವರ ಮನೆಗೆ ಸಾಕಲು ಕೊಡುವುದೆಂದು ಅಜ್ಜಿ ತೀರ್ಮಾನಿಸಿದಳು. ಅಜ್ಜಿಯ ತೀರ್ಮಾನವೆಂದರೆ ಮನೆಯ ತೊಲೆಯಿದ್ದಂತೆ. ಅದರ ಕೆಳಗೆ ಬದುಕಬಹುದಾಗಿತ್ತು, ಅದನ್ನು ಅಲುಗಿಸುವಂತಿರಲಿಲ್ಲ. ನನಗೆ ಆಗ ಆರು ವರ್ಷ. ಹೊರಡುವ ಬೆಳಗ್ಗೆ ಅವ್ವ ನನಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ಎರಡು ಹೆಣಲು ಹಾಕಿ ಮಲ್ಲಿಗೆ ಮುಡಿಸಿದಳು, ನನ್ನ ನಾಲ್ಕು ಲಂಗಗಳನ್ನೂ ನಾನು ಹಾಲು ಕುಡಿಯುವ ಬಟ್ಟಲನ್ನೂ ಒಂದು ಚೀಲಕ್ಕೆ ತುಂಬಿದಳು. ಕಾರಿನ ಮುಂದೆ ಇಮಾಮಸಾಬ ಮತ್ತು ಅಪ್ಪ. ಹಿಂದೆ ಬಲಕ್ಕೆ ಅಜ್ಜಿ, ಎಡಕ್ಕೆ ಅವ್ವ, ನಡುವೆ ನಾನು. ಇಷ್ಟೂ ನನ್ನ ಸ್ವಂತ ನೆನಪು. ಮುಂದಿನದು ಮನೆಯವರೆಲ್ಲ ಹೇಳುತ್ತ ಬಂದ ಕಥೆ.

ಊರ ಹೊರಗಿನ ಕಲ್ಲುಬಸವಣ್ಣನ ಮುಂದೆ ಕಾರು ಬಿಕ್ಕಳಿಸಿ ನಿಂತಿತು. ಇಮಾಮಸಾಬ ಇಳಿದು, ಬಾನೆಟ್ಟು ಎತ್ತಿ, ಏನನ್ನೋ ಒರೆಸಿ ಮತ್ತೆ ಹೊರಡಿಸಿದ. ಹಳ್ಳದ ಇಳಿಜಾರಿನಲ್ಲಿ ಎರಡನೆಯ ಸಲ ನಿಂತಿತು. ಜೋಡಿ ಬೇವಿನ ಮರದ ಹತ್ತಿರ ಮೂರನೆಯ ಸಲ. ಹೊರಟ ಬಂಡಿಯ ಎತ್ತು ದಾರಿಯಲ್ಲಿ ಮೂರು ಸಲ ಮಲಗಿದರೆ ಹೊರಟ ಕೆಲಸ ಬಿಟ್ಟು ಮನೆಗೆ ತಿರುಗಬೇಕೆಂಬುದು ಅಜ್ಜಿಯ ಅಜ್ಜಿಯ ಕಾಲದ ಕಟ್ಟಳೆ. ಅಜ್ಜಿ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲನ್ನು ತಟ್ಟಿದಳು.

“ಮೂರು ಆತು. ಬಸವಗ ಮನಸ್ಸಿಲ್ಲೋ ಇಮಾಮಾ, ತಿರುಗ್ಸು.”

“ಪೆಟ್ರೋಲಿನ್ಯಾಗ ಕಸ ಬಂದಿರ್ತೈತಿ ಬೇ ಯವ್ವಾ,” ಎಂದನಂತೆ ಅಪ್ಪ.

“ಕಸ ನಿನ್ನ ತಲ್ಯಾಗ ಐತಿ. ತಿರುಗ್ಸು ಅಂದೆ.”

ಹೀಗೆ ನಾನು ಹಿರೇಹಡಗಲಿಯಲ್ಲೇ ಉಳಿದೆ. ಹಬ್ಬಕ್ಕೆ ನೆಂಟರು ಸೇರಿದಾಗಲೆಲ್ಲ ಈ ಕಥೆಗೆ ಕರೆ ಬರುತ್ತಿತ್ತು. ಅಜ್ಜಿ ಪ್ರತಿ ಸಲವೂ ಬೇವಿನ ಮರಕ್ಕೆ ಒಂದೊಂದು ಮರ ಸೇರಿಸಿ ಹೇಳುತ್ತಿದ್ದಳು. ಎಲ್ಲರೂ ನನ್ನ ಕಡೆ ತಿರುಗಿ, ಬಸವಣ್ಣ ಬೇಡಿ ಇಟ್ಟುಕೊಂಡ ಕೂಸು ಎನ್ನುತ್ತಿದ್ದರು. ನನಗೆ ಆ ಮಾತು ಸಿಹಿಯಾಗಿರಲಿಲ್ಲ. ನನ್ನನ್ನು ಇಟ್ಟುಕೊಂಡದ್ದು ಒಂದು ಕಾರು ಎಂದಾದರೆ, ಕೊಟ್ಟುಬಿಡಲು ಹೊರಟವರು ಯಾರು? ಅಜ್ಜಿಯನ್ನು ನಾನು ದೂರಲಿಲ್ಲ. ತೊಲೆಯನ್ನು ಯಾರು ದೂರುತ್ತಾರೆ? ನನ್ನ ಕಣ್ಣಿಗೆ ಅಂಟಿ ಉಳಿದದ್ದು ಅವ್ವನ ಒಣ ಕಣ್ಣು. ಬಟ್ಟಲನ್ನು ಚೀಲಕ್ಕೆ ಹಾಕುವ ಮುನ್ನ ಅವಳು ಅದನ್ನು ಸೆರಗಿನಿಂದ ಒರೆಸಿದಳು. ಒಂದು ಮಾತಾಡಲಿಲ್ಲ, ಒಂದು ಹನಿ ಅಳಲಿಲ್ಲ. ದಾರಿಯುದ್ದಕ್ಕೂ ಅವಳ ಬಲಗೈ ನನ್ನ ಹೆಗಲ ಮೇಲಿತ್ತು, ಕಳುಹಿಸಿಕೊಡುವವರ ಕೈ ಇರುವಂತೆ.

ಹೇಳಿದ್ದನ್ನು ಹೇಳಿದಂತೆ ನಂಬದ ನನ್ನ ಗುಣ ಈ ಕಥೆಯಿಂದಲೇ ಹುಟ್ಟಿತೆಂದು ಕಾಣುತ್ತದೆ. ಹನ್ನೊಂದೋ ಹನ್ನೆರಡೋ ವರ್ಷಕ್ಕೆ ಇಮಾಮಸಾಬನ ಹತ್ತಿರವಿದ್ದ, ಮುಂದಿನ ಹಾಳೆಗಳೆಲ್ಲ ಹರಿದುಹೋದ ಮೋಟಾರು ಪುಸ್ತಕವೊಂದು ನನ್ನ ಕೈಗೆ ಬಂತು. ಪೆಟ್ರೋಲಿಗೆ ಕಿಡಿ ತಗುಲುವುದು ಹೇಗೆ, ಕಿಡಿ ಹುಟ್ಟುವುದು ಎಲ್ಲಿ ಎಂಬುದನ್ನು ದನದ ಅಂಕಣದಲ್ಲಿ ಕುಳಿತು ಅಕ್ಷರ ಕೂಡಿಸಿ ಓದಿಕೊಂಡೆ. ಒಂದು ಮಧ್ಯಾಹ್ನ, ರೊಟ್ಟಿಗೆ ಪುಂಡಿಪಲ್ಯೆ ಹಚ್ಚಿಕೊಂಡು ಎಲ್ಲರೂ ಉಣ್ಣುತ್ತಿದ್ದಾಗ, ಆ ಪುಸ್ತಕ ಕಲಿಸಿದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

“ಅಜ್ಜಿ, ಹೋಗೂವಾಗ ಮೂರು ಸಲ ನಿಂತಿದ್ದು ಬರೂವಾಗ ಒಂದು ಸಲಾನೂ ಯಾಕ ನಿಲ್ಲಲಿಲ್ಲ? ಪೆಟ್ರೋಲಿನ್ಯಾಗ ಕಸ ಇದ್ದಿದ್ರ ಬರೂವಾಗೂ ಇರ್ಬೇಕಲ್ಲ?”

“ಬರೂವಾಗ ಬಸವಗ ಸಮಾಧಾನ ಆಗಿತ್ತು.”

“ಸಮಾಧಾನ ಆದ್ರ ಕಸ ಹೋಗ್ತೈತೇನು?”

ಅಜ್ಜಿಯ ಕೈ ನನ್ನ ಬೆನ್ನಿಗೆ ಬಿತ್ತು. ‘ತಕರಾರು ನೀಲಿ’ ಎಂಬ ಹೆಸರೂ ಅಂದೇ ಬಿತ್ತು; ಬೆನ್ನಿನ ಉರಿ ಸಂಜೆಗೆ ಹೋಯಿತು, ಹೆಸರು ಇಂದಿಗೂ ಇದೆ. ಅವ್ವ ಮಾತ್ರ ತಲೆಯೆತ್ತದೆ ಇನ್ನೊಂದು ರೊಟ್ಟಿ ತಟ್ಟುತ್ತಿದ್ದಳು.

ಏಳನೆಯ ಇಯತ್ತೆಯ ನಂತರ ನನ್ನನ್ನು ಶಾಲೆ ಬಿಡಿಸಿದಾಗ ನಾನು ಅವ್ವನೊಡನೆ ಆಡಿದ ಜಗಳ ಆ ಮನೆಯಲ್ಲಿ ಆದ ಜಗಳಗಳಲ್ಲೇ ದೊಡ್ಡದು. ಹರಪನಹಳ್ಳಿಯಲ್ಲಿ ಹೈಸ್ಕೂಲು ಇತ್ತು; ದೊಡ್ಡಪ್ಪ ಓದಿದವನು.

“ಅಲ್ಲಿದ್ದಿದ್ರ ಅವರು ನನ್ನ ಮ್ಯಾಟ್ರಿಕ್ ಓದಸ್ತಿದ್ರು. ನೀನಂತೂ ನನ್ನ ಕೊಟ್ಟುಬಿಟ್ಟಿದ್ದಿ. ಹಾಳಾದ ಆ ಬಸವ ಯಾಕ ನಿಂತ್ತೋ!”

ಅವ್ವ ತಾಟನ್ನು ನನ್ನ ಮುಂದೆ ಸರಿಸಿದಳು.

“ರೊಟ್ಟಿ ಆರತಾವು, ಉಣ್ಣು,” ಎಂದಳು.

ಕೊಟ್ಟದ್ದಕ್ಕೂ ನನಗೆ ಸಿಟ್ಟು, ಕೊಡದೆ ಉಳಿದದ್ದಕ್ಕೂ ಸಿಟ್ಟು. ಎರಡು ಸಿಟ್ಟುಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ತಿಳಿಯುವ ವಯಸ್ಸು ಬಂದ ಮೇಲೂ ನಾನು ಎರಡನ್ನೂ ಬಿಡಲಿಲ್ಲ. ‘ನೀ ಕೊಟ್ಟಾಕಿ’ ಎಂಬ ಮಾತನ್ನು ಮದುವೆಯಾಗಿ ಕೊಟ್ಟೂರಿಗೆ ಹೊರಟ ದಿನವೂ ಆಡಿದೆ.

ಇಲ್ಲಿ ಅವ್ವನ ಕೈಯ ವಿಷಯ ಹೇಳಬೇಕು. ಹಡಗಲಿ ಸೀಮೆಯ ಹೆಂಗಸರಿಗೆ ಮಲ್ಲಿಗೆ ಕಟ್ಟುವುದು ಉಸಿರಾಡಿದಷ್ಟು ಸಲೀಸು. ಅವ್ವ ಎಡಚಿ. ಎಡಗೈಯಲ್ಲಿ ದಾರ ತಿರುವಿದರೆ ಅವಳ ವೇಗಕ್ಕೆ ಓಣಿಯಲ್ಲಿ ಯಾರೂ ಸಾಟಿಯಿರಲಿಲ್ಲ. ಆದರೆ ಎಡಗೈಯ ಮಾಲೆ ದೇವರಿಗೆ ಸಲ್ಲದೆಂದು ಅಜ್ಜಿ ಅಪ್ಪಣೆ ಮಾಡಿದ್ದಳು. ಆದ್ದರಿಂದ ಅವ್ವ ದೇವರ ಮಾಲೆಯನ್ನು ಬಲಗೈಯಲ್ಲಿ, ಅಂಕಿ ಕಲಿಯುವ ಮಕ್ಕಳಂತೆ ತಡವರಿಸುತ್ತ ಕಟ್ಟುತ್ತಿದ್ದಳು. ನಮ್ಮ ಮೂವರ ತಲೆಗೆ ಮುಡಿಸುವ ಹೂವನ್ನು ಎಡಗೈಯಲ್ಲಿ ಸರಸರನೆ ಕಟ್ಟಿ ಬಿಸಾಡುತ್ತಿದ್ದಳು. ಗಂಟು ನೋಡಿದರೆ ಸಾಕು, ಮಾಲೆ ಯಾರಿಗೆಂದು ತಿಳಿಯುತ್ತಿತ್ತು. ದೇವರ ಗಂಟು ಬಲಕ್ಕೆ ವಾಲುತ್ತಿತ್ತು, ನಮ್ಮದು ಎಡಕ್ಕೆ. ನಾನು ಅವಳ ಎದುರು ಕುಳಿತು ನೋಡಿ ಕಲಿತವಳಾದ್ದರಿಂದ ನನ್ನ ಕೈಗೆ ಕನ್ನಡಿಯೊಳಗಿನ ಗಂಟು ಬಂತು. ಅದೂ ಬಲಕ್ಕೇ ವಾಲುತ್ತದೆ. ಕೊಟ್ಟೂರಿನಲ್ಲಿ ನಮ್ಮ ಮನೆಯವರದು ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಸುತ್ತಿದ ತಂತಿಯ ತುದಿಗಳನ್ನು ನೂಲಿನಿಂದ ಬಿಗಿಯುವ ಕೆಲಸ ಮದುವೆಯಾದ ತಿಂಗಳಿಗೇ ನನಗೆ ಒಲಿಯಿತು, ಅದು ಹೂ ಕಟ್ಟುವ ಕೆಲಸವೇ ಆಗಿತ್ತು. ಉಳಿದ ವಿದ್ಯೆಯನ್ನು ಅಂಗಡಿಯ ಪುಸ್ತಕಗಳಿಂದ, ಸುಟ್ಟ ಮೋಟಾರುಗಳಿಂದ, ಗಂಡನೊಡನೆ ವಾದ ಮಾಡಿ ಸಂಪಾದಿಸಿದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಜ್ಜಿ, ಅಪ್ಪ, ಇಮಾಮಸಾಬ ಮೂವರೂ ಹೋಗಿದ್ದರು. ಒಂದು ಸಂಜೆ ಚೆನ್ನಬಸವ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನು ಮಾಡಿದ. ಬಸವನ ಡಿಸ್ಟ್ರಿಬ್ಯೂಟರಿನೊಳಗೆ ಕೂಡುತ್ತ ಬಿಡುತ್ತ ಕಿಡಿ ಹುಟ್ಟಿಸುವ ಪಾಯಿಂಟುಗಳು ಸುಟ್ಟು ಗುಳಿಬಿದ್ದಿದ್ದವು, ಅಂಥವು ಇನ್ನು ಎಲ್ಲೂ ಸಿಗುವಂತಿರಲಿಲ್ಲ. ಅವುಗಳ ಬದಲು ಕೂಡಿಸುವ ಎಲೆಕ್ಟ್ರಾನಿಕ್ ಇಗ್ನಿಷನ್ ಒಂದನ್ನು ಅವನು ದಾವಣಗೆರೆಯಿಂದ ತಂದಿದ್ದ.

“ಎರಡ ತಂತಿ ಅಕ್ಕಾ. ಒಂದು ಕೆಂಪು, ಒಂದು ಕಪ್ಪು. ನೀ ಬಂದು ಕೂಡ್ಸಿಕೊಟ್ರ ಆತು.”

ನಮ್ಮ ಮನೆಯವರು ಪಕ್ಕದಲ್ಲೇ ಕೇಳಿಸಿಕೊಂಡು ನಕ್ಕರು. “ಎರಡು ತಂತಿ ಅಂದ್ರ ಎಂಟು ದಿನ. ಸೀರಿ ಜಾಸ್ತಿ ಇಟ್ಕೋ.”

ಅವರ ಲೆಕ್ಕಕ್ಕೆ ಎರಡು ದಿನ ಹೆಚ್ಚೇ ಆಯಿತು. ಬಾನೆಟ್ಟು ಎತ್ತಿದರೆ ಒಳಗೆ ತಂತಿಗಳ ಮುಳ್ಳುಕಂಟಿ. ಕೈಗೆ ಸಿಕ್ಕ ಪ್ರತಿ ಮಿಸ್ತ್ರಿಯೂ ಒಂದೊಂದು ತಂತಿ ಸೇರಿಸಿದ್ದನೇ ಹೊರತು ಹಳೆಯದನ್ನು ಯಾರೂ ತೆಗೆದಿರಲಿಲ್ಲ. ನೂಲಿನ ಹೊದಿಕೆಯನ್ನು ಇಲಿ ತಿಂದಿತ್ತು. ಒಳಗಿನ ರಬ್ಬರು ಮುಟ್ಟಿದರೆ ಹುರಿದ ಕಡಲೆಯ ಸಿಪ್ಪೆಯಂತೆ ಉದುರುತ್ತಿತ್ತು. ಹಳೆಯ ಸೀರೆಯ ಚಿಂದಿಗಳಲ್ಲಿ ಅಂಕಿ ಬರೆದು ಒಂದೊಂದು ತಂತಿಗೂ ಕಟ್ಟುತ್ತ ಬಂದೆ. ಅವ್ವ ಹೊರಸಿನ ಮೇಲೆ ಕುಳಿತು ಶೇಂಗಾ ಸುಲಿಯುತ್ತ ನೋಡುತ್ತಿದ್ದಳು. ಎಪ್ಪತ್ತೈದು ದಾಟಿದ್ದರೂ ಅವಳ ಕಣ್ಣು ಚುರುಕಾಗಿತ್ತು. ನಾಲ್ಕನೆಯ ದಿನ, ಕಿಡಿಗೆ ಬೇಕಾದ ವಿದ್ಯುತ್ತನ್ನು ಏರಿಸಿಕೊಡುವ ಕಾಯಿಲಿನ ಹತ್ತಿರ ಬಂದಾಗ ನನ್ನ ಕೈ ನಿಂತಿತು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಒಂದೇ ತಂತಿ ಹೋಗಬೇಕು. ಅದನ್ನು ಬಿಗಿಯುವ ಮೊಳೆಗೆ ಎರಡು ತಂತಿ ಬಿಗಿದಿದ್ದವು. ಹೊಸ ಸಾಮಾನಿನ ಚೀಟಿಯಲ್ಲಿ, ಆ ಜಾಗಕ್ಕೆ ಬೇರಾವ ತಂತಿಯೂ ತಗುಲಿರಬಾರದೆಂದು ಸ್ಪಷ್ಟವಾಗಿ ಬರೆದಿತ್ತು.

“ಕತ್ತರಿಸಿ ಒಗಿ ಅಕ್ಕಾ, ಯಾಕ ತಲಿ ಕೆಡಿಸ್ಕೊಂತಿ,” ಎಂದ ಚೆನ್ನಬಸವ.

“ಎಲ್ಲಿಗೆ ಹೋಗೈತಿ ಅಂತ ತಿಳೀದ ತಂತಿ ಕತ್ತರಿಸಬಾರದು.”

“ತಕರಾರು ನೀಲಿ ಅಂತ ಸುಮ್ನ ಅಂದಿಲ್ಲ ನಿನಗ.”

ಅವನು ತಂತಿಯ ಮೇಲೆ ಹಾಕುವ ಕೊಳವೆ ತರಲು ಹಡಗಲಿಗೆ ಹೋದ. ನಾನು ಆ ಎರಡನೆಯ ತಂತಿಯ ಬೆನ್ನು ಹತ್ತಿದೆ. ಅದು ಡ್ಯಾಶ್‌ಬೋರ್ಡಿನ ಕೆಳಗೆ ನುಸುಳಿ, ಬಾಗಿಲ ಅಂಚಿನ ಚಾಪೆಯಡಿ ಸಾಗಿ, ಹಿಂದಿನ ಸೀಟಿನ ಕೆಳಗೆ ಮರೆಯಾಗುತ್ತಿತ್ತು. ಸೀಟು ಎತ್ತಿದೆ. ಎಡ ಬದಿಗೆ, ಸೀಟಿನ ಚೌಕಟ್ಟಿನ ಒಳಮಗ್ಗುಲಲ್ಲಿ, ಯಾವುದೋ ಹಳೆಯ ಲಾರಿಯ ಹಾರ್ನಿನ ಗುಂಡಿ. ಬ್ಯಾಟರಿ ಮತ್ತು ಬಲ್ಬು ಹಿಡಿದು ಒತ್ತಿ ನೋಡಿದೆ, ಬಲ್ಬು ಹೊತ್ತಿತು. ಅಂದರೆ ಗುಂಡಿ ಒತ್ತಿದರೆ ಕಾಯಿಲಿನ ವಿದ್ಯುತ್ತು ಪಾಯಿಂಟುಗಳ ಆಟವನ್ನು ತಪ್ಪಿಸಿ ನೇರವಾಗಿ ಕಾರಿನ ಮೈಗೆ ಇಳಿಯುತ್ತದೆ. ಕಿಡಿ ಹುಟ್ಟುವುದಿಲ್ಲ. ಕಾರು ಬಿಕ್ಕಳಿಸಿ ನಿಲ್ಲುತ್ತದೆ. ಕೈ ತೆಗೆದರೆ, ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.

ಇಷ್ಟರಿಂದಲೇ ತೀರ್ಪು ಕೊಡುವವಳು ನಾನಲ್ಲ. ಕಳ್ಳರಿಗಾಗಿ ಇಮಾಮಸಾಬ ಇಟ್ಟಿರಬಹುದೆಂದು ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ಗುಂಡಿ ಅವನ ಕೈಗೆ ಸಿಗುವಲ್ಲಿ ಇರಬೇಕಿತ್ತು; ಇದು ಹಿಂದಿನ ಸೀಟಿನಲ್ಲಿ ಎಡಕ್ಕೆ ಕುಳಿತವರ ಎಡಗೈಗೆ ಮಾತ್ರ ಎಟುಕುತ್ತಿತ್ತು. ಬೆಸುಗೆ ಹಾಕಿದ್ದು ಅವನೇ; ಅವನ ಬೆಸುಗೆಯ ದಪ್ಪ ಗಟ್ಟಿ ನನಗೆ ಗೊತ್ತು. ಆದರೆ ಮೇಣ ಹಚ್ಚಿದ ನೂಲಿನಿಂದ ಆ ತಂತಿಯನ್ನು ಉದ್ದಕ್ಕೂ ಇತರ ತಂತಿಗಳೊಡನೆ ಕಟ್ಟಿ, ಹಳೆಯದರಲ್ಲಿ ಹಳೆಯದಾಗಿ ಬೆರೆಸಿದ್ದು ಮಿಸ್ತ್ರಿಯ ಕೆಲಸವಾಗಿರಲಿಲ್ಲ. ಬೆರಳಷ್ಟು ಅಂತರಕ್ಕೊಂದು ಗಂಟು. ಕನ್ನಡಕ ಒರೆಸಿ ಹಾಕಿಕೊಂಡೆ. ಒಂದೊಂದು ಗಂಟೂ ಎಡಕ್ಕೆ ವಾಲಿತ್ತು.

ಅಂದು ನಾನು ಹೆಗಲ ಮೇಲಿದ್ದ ಕೈಯನ್ನಷ್ಟೇ ಕಂಡಿದ್ದೆ. ಅವ್ವನಿಗೆ ಇನ್ನೊಂದು ಕೈ ಇತ್ತೆಂಬುದು ನಲವತ್ತು ವರ್ಷ ನನಗೆ ಹೊಳೆದಿರಲಿಲ್ಲ.

ತಂತಿಯ ತುಣುಕನ್ನು ಹಿಡಿದು ಹೊರಸಿನ ಹತ್ತಿರ ಹೋದೆ.

“ಯವ್ವಾ, ಇದನ್ನ ಯಾರು ಹಾಕ್ಯಾರ?”

“ಕಾರಿನ ವಿಷಯ ನನಗೇನು ಗೊತ್ತವ್ವ. ಇಮಾಮನ್ನ ಕೇಳು.”

“ಇಮಾಮಸಾಬ ಸತ್ತು ಒಂಬತ್ತು ವರ್ಷ ಆತು.”

“ಹಂಗಾರ ಇನ್ಯಾರನ್ನ ಕೇಳ್ತಿ, ಬಿಡು.”

“ಗಂಟು ಎಡಗೈದು ಐತಿ.”

“ಊರಾಗ ಎಡಗೈ ನನಗೊಬ್ಬಾಕಿಗೇ ಐತೇನು?”

“ಎಲ್ಲಾರಿಗೂ ಐತಿ. ಅದರಾಗ ಹೂ ಕಟ್ಟಾಕಿ ನೀ ಒಬ್ಬಾಕಿ.”

ಅವ್ವ ಶೇಂಗಾದ ಸಿಪ್ಪೆಯನ್ನು ಊದಿ ಕಾಳನ್ನು ಬಾಯಿಗೆ ಹಾಕಿಕೊಂಡಳು. “ಬಸವ ನಿಂತ್ತು. ನಿಮ್ಮಜ್ಜಿ ತಿರುಗ್ಸು ಅಂದ್ಲು. ಅಷ್ಟಽ. ಅತ್ತಿ ಹೇಳಿದ್ದು ಸುಳ್ಳು ಅನ್ನಾಕ ನಾ ಯಾರು?”

ಮರುದಿನ ಮತ್ತೆ ಕೇಳಿದೆ, ಹಲ್ಲುನೋವು ಎಂದಳು. ಅದರ ಮರುದಿನ ಕೇಳಿದಾಗ ಕಿವಿ ಮಂದವಾಯಿತು. ನಾನು ಕೇಳುವುದನ್ನು ಬಿಟ್ಟು ಹೊಸ ತಂತಿ ಎಳೆಯತೊಡಗಿದೆ. ಎಳೆದ ತಂತಿಗಳನ್ನು ಬಿಗಿಯುವ ಹೊತ್ತಿಗೆ ಅವ್ವ ತಾನಾಗಿಯೇ ಎದ್ದು ಬಂದು, ಕಾರಿನ ಹೊಸ್ತಿಲ ಮೇಲೆ ಕುಳಿತು, ನನ್ನ ಕೈಯಿಂದ ನೂಲಿನ ಉಂಡೆ ತೆಗೆದುಕೊಂಡಳು. ಬೆರಳು ಹಿಂದಿನಷ್ಟು ಚುರುಕಾಗಿರಲಿಲ್ಲ, ಆದರೆ ಗಂಟು ತಪ್ಪುತ್ತಿರಲಿಲ್ಲ. ನಾಲ್ಕೈದು ಗಂಟು ಹಾಕಿ, ನೂಲಿನ ಕಡೆಯೇ ನೋಡುತ್ತ ಹೇಳಿದಳು:

“ನಿಮ್ಮ ದೊಡ್ಡವ್ವ ಅವತ್ತು ಆರತಿ ತಾಟು ಹಿಡ್ಕೊಂಡು ಹೊತ್ತು ಮುಣುಗೂ ತನಕ ಬಾಗ್ಲಾಗ ನಿಂತಿದ್ಲಂತ.”

ದೊಡ್ಡವ್ವ ಬದುಕಿರುವ ತನಕ ಪ್ರತಿ ಸೋಮವಾರ ಹರಪನಹಳ್ಳಿಯ ಬಸ್ಸಿಗೆ ಅವ್ವ ಬಾಳೆಲೆಯಲ್ಲಿ ಸುತ್ತಿದ ಹೂವಿನ ಪೊಟ್ಟಣ ಕೊಟ್ಟು ಕಳಿಸುತ್ತಿದ್ದಳು. ಮಳೆ ಬಂದರೂ ಮೈಲಿಗೆಯಾದರೂ ತಪ್ಪಿಸಿದ್ದಿಲ್ಲ. ಓರಗಿತ್ತಿಯರ ನಡುವಿನ ಬಳಕೆಯೆಂದು ನಾನು ತಿಳಿದಿದ್ದೆ.

“ಅಲ್ಲಿದ್ದಿದ್ರ ನೀ ಮ್ಯಾಟ್ರಿಕ್ ಆಗ್ತಿದ್ದಿ,” ಎಂದಳು ಮತ್ತೆ.

ಮೂವತ್ತೈದು ವರ್ಷದ ಹಿಂದೆ ನಾನು ಒಮ್ಮೆ ಎಸೆದ ಮಾತನ್ನು ಅವಳು ಇಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಳು.

“ಮ್ಯಾಟ್ರಿಕ್ ಆಗಿದ್ರ ಈ ತಂತಿ ನನಗ ಕಾಣ್ತಿರಲಿಲ್ಲ ಬೇ,” ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿ, ದಾರದ ತುದಿಯನ್ನು ಹಲ್ಲಿನಿಂದ ಕಡಿದಳು. ನೋವೆಂದಿದ್ದ ಹಲ್ಲು ಸರಿಯಾಗಿಯೇ ಇತ್ತು.

ಆ ಹಳೆಯ ಗುಂಡಿಯನ್ನು ನಾನು ಕಿತ್ತೊಗೆಯಲಿಲ್ಲ. ಹೊಸ ಸಾಮಾನಿಗೆ ಪೆಟ್ಟಾಗದಂತೆ ನಡುವೆ, ತಾನೇ ಕೂಡಿ ಬಿಡುವ ಸ್ವಿಚ್ಚಿನಂಥ ಒಂದು ರಿಲೇ ಕೂಡಿಸಿ, ಗುಂಡಿ ಒತ್ತಿದರೆ ಕಾಯಿಲಿಗೆ ಬರುವ ವಿದ್ಯುತ್ತೇ ನಿಲ್ಲುವಂತೆ ಮಾಡಿ, ಇದ್ದ ಜಾಗದಲ್ಲೇ ಇಟ್ಟೆ. ಚೆನ್ನಬಸವನಿಗೆ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ, ಆದರೆ ಹಿಂದಕ್ಕೆ ಹೋಗುವ ಆ ಒಂದು ತಂತಿಯನ್ನೂ ಅವಳೇ ಕಟ್ಟಿದ್ದಳು.

ಹತ್ತನೆಯ ದಿನ ಬಸವ ಒಂದೇ ಸಲಕ್ಕೆ ಚಾಲೂ ಆದ. ಸದ್ದು ಹಿಂದೆಂದೂ ಇಲ್ಲದಷ್ಟು ಸಮನಾಗಿತ್ತು. ಚೆನ್ನಬಸವ ಅಜ್ಜಿಯ ಲೆಕ್ಕದಂತೆ ಮೂರು ಬೆರಳಿನ ವಿಭೂತಿ ಎಳೆದ. ನನ್ನನ್ನು ಅದರಲ್ಲೇ ಕೊಟ್ಟೂರಿಗೆ ಮುಟ್ಟಿಸಿ ಬರುವುದೆಂದು ಆಯಿತು. ಅವ್ವ ನನ್ನ ಚೀಲಕ್ಕೆ ಶೇಂಗಾ ಹಿಂಡಿ, ರೊಟ್ಟಿ, ಒಂದು ಮೊಳ ಮಲ್ಲಿಗೆ ತುಂಬಿದಳು. ಒಂದು ಮಾತಾಡಲಿಲ್ಲ, ಕಣ್ಣು ಒಣಗಿದ್ದವು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಎಡಕ್ಕೆ ಕುಳಿತಳು.

“ನೀ ಎಲ್ಲಿಗೆ ಬೇ?” ಎಂದ ಚೆನ್ನಬಸವ.

“ಕೊಟ್ಟೂರಿಗೆ ಹೋಗಿ ನಿನ್ನ ಕೂಡ ತಿರುಗಿ ಬರ್ತೀನಿ. ಬಸವ ಹೊಂಟ್ರ ನಾ ಮನ್ಯಾಗ ಕುಂದ್ರಲ್ಯಾ?”

ನಾನು ಅವಳ ಪಕ್ಕ, ನಡುವೆ ಕುಳಿತೆ. ಕೊಟ್ಟೂರಿಗೆ ಹೋಗಲಿ ಹರಪನಹಳ್ಳಿಗೆ ಹೋಗಲಿ, ಊರು ದಾಟುವ ತನಕ ರಸ್ತೆ ಒಂದೇ. ಅವ್ವನ ಬಲಗೈ ನನ್ನ ಹೆಗಲ ಮೇಲೆ ಬಂದು ಕುಳಿತಿತು. ಕಲ್ಲುಬಸವಣ್ಣ ಕಣ್ಣಿಗೆ ಬೀಳುತ್ತಿದ್ದಂತೆ ಕಾರು ಬಿಕ್ಕಳಿಸಿತು, ಮತ್ತೊಮ್ಮೆ ಬಿಕ್ಕಳಿಸಿ ನಿಂತೇಬಿಟ್ಟಿತು.

“ಥೂ ಇದರ! ಹೊಸಾದು ಹಾಕಿ ಒಂದು ಮೈಲಿ ಆಗಿಲ್ಲ,” ಎನ್ನುತ್ತ ಚೆನ್ನಬಸವ ಇಳಿದು ಬಾನೆಟ್ಟು ಎತ್ತಿದ. ಅದರ ಹಿಂದೆ ಅವನ ಮುಖ ಮರೆಯಾಯಿತು.

ಅವ್ವ ಕಿಟಕಿಯ ಹೊರಗೆ, ಜೋಳದ ಹೊಲದಲ್ಲಿ ಏನೋ ಕಂಡವಳಂತೆ ನೋಡುತ್ತಿದ್ದಳು. ಅವಳ ಎಡಗೈ ಮಡಿಲಲ್ಲಿರಲಿಲ್ಲ.

“ಯವ್ವಾ, ಕೈ ತಗಿ,” ಎಂದೆ ಮೆಲ್ಲಗೆ.

“ಸುಮ್ನ ಕುಂದ್ರು ನೀಲಿ,” ಎಂದಳು ಅವ್ವ, ಹೊಲದ ಮೇಲಿನ ಕಣ್ಣು ತೆಗೆಯದೆ. “ಇನ್ನಾ ಎರಡು ಸಲ ಐತಿ.”